ಹಂಚಿದವರದೇ ಅಡುಗೆ

"ಇದು ನಮ್ಮದು" ಎಂದರು ತುರ್ಕಿಯ ಗೆಳೆಯರು.

"ಅದು ಹೇಗೆ ನಿಮ್ಮದಾಗುತ್ತದೆ? ಇದು ನಮ್ಮದು" ಎಂದರು ಅರ್ಮೇನಿಯನ್ ಗೆಳತಿ.

ಇಬ್ಬರ ಮುಂದೆಯೂ ಇದ್ದದ್ದು ಒಂದೇ ಪದಾರ್ಥ. ನೆನೆಸಿ, ಕುಟ್ಟಿ, ಹೊಟ್ಟು ತೆಗೆದ ಗೋಧಿ. ಎಲುಬು ಬಿಟ್ಟು ನೂಲಿನಂತಾದ ಮಾಂಸ. ಮೇಲೊಂದು ಚಮಚ ಕಾಯಿಸಿದ ತುಪ್ಪ. ತುರ್ಕಿಯವರು ಅದನ್ನು ಕೆಶ್ಕೆಕ್ ಎಂದರು. ಆಕೆ ಹರಿಸ್ಸಾ ಎಂದರು. ಮನೆಯ ಯಜಮಾನರಾದ ಒಮಾನಿ ಗೆಳೆಯರು ಹರೀಸ್ ಎಂದರು. ಲಾಹೋರಿನವರು ಹರೀಸಾ ಎಂದರು. ಕಲಬುರಗಿ ಜಿಲ್ಲೆಯವನಾದ ನಾನು ಹಲೀಮ್ ಎಂದೆ. ಐದು ಪಾತ್ರೆ, ಐದು ಹೆಸರು, ಒಂದೇ ಅಡುಗೆ!

ಇದು ನಡೆದದ್ದು 2024ರ ಜನವರಿಯಲ್ಲಿ, ಶಾರ್ಜಾದ ಒಂದು ಫ್ಲ್ಯಾಟಿನಲ್ಲಿ. ಕಥೆಗಳ ಓದಿನ ನೆಪದಲ್ಲಿ ಅಂತರ್ಜಾಲದಲ್ಲಿ ಪರಿಚಯವಾಗಿ, ವರ್ಷಗಟ್ಟಲೆ ಮುಖ ನೋಡದೆ ಗೆಳೆಯರಾಗಿದ್ದ ನಾವು ಆರು ಜನ ಅಲ್ಲಿ ಮೊದಲ ಸಲ ಸೇರಿದ್ದೆವು. ನನ್ನ ತಮ್ಮ ಅಲ್ಲಿ ಕೆಲಸದಲ್ಲಿದ್ದಾನೆ. ಅವನನ್ನು ನೋಡಲು ಹೋದವನು ಈ ಕೂಟಕ್ಕೂ ಹೋದೆ. ಷರತ್ತು ಒಂದೇ ಇತ್ತು: ಪ್ರತಿಯೊಬ್ಬರೂ ತಮ್ಮ ದೇಶದ ಒಂದು ಸಾಂಪ್ರದಾಯಿಕ ಅಡುಗೆ ತರಬೇಕು. ಹೋಲಿಸಿ ನೋಡೋಣ ಎಂದು. ಬೆಂಗಳೂರಿನಿಂದ ಬಂದು ದುಬೈಯಲ್ಲಿ ನೆಲೆಸಿದ ಕನ್ನಡದ ಗೆಳೆಯರೊಬ್ಬರು ಬಿಸಿಬೇಳೆ ಬಾತ್ ತಂದಿದ್ದರಿಂದ ನಮ್ಮ ಮಾನ ಉಳಿಯಿತು. ಉಳಿದ ಐವರೂ ಒಬ್ಬರಿಗೊಬ್ಬರು ಹೇಳದೆ ಒಂದನ್ನೇ ತಂದಿದ್ದೆವು.

ಅಲ್ಲಿಗೆ ನಕ್ಕು ಊಟ ಮಾಡಿ ಎದ್ದಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಆದರೆ ಜಗಳ ಶುರುವಾಯಿತು. ತಿಂಗಳ ಹಿಂದಷ್ಟೇ, 2023ರ ಡಿಸೆಂಬರ್‌ನಲ್ಲಿ, ಯುನೆಸ್ಕೊ ಸಂಯುಕ್ತ ಅರಬ್ ಎಮಿರೇಟ್ಸ್, ಒಮಾನ್ ಮತ್ತು ಸೌದಿ ಅರೇಬಿಯಾ ಒಟ್ಟಾಗಿ ಕೊಟ್ಟ ಅರ್ಜಿಯ ಮೇಲೆ ಹರೀಸ್ ಅನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತ್ತು. ಒಮಾನಿ ಗೆಳೆಯರು ಆ ಖುಷಿಯಲ್ಲಿದ್ದರು. "ನಮ್ಮ ಕೆಶ್ಕೆಕ್ 2011ರಲ್ಲೇ ಸೇರಿದೆಯಲ್ಲ" ಎಂದರು ತುರ್ಕಿಯವರು. ಅರ್ಮೇನಿಯನ್ ಗೆಳತಿಯ ಮುಖ ಕೆಂಪಾಯಿತು. ಲಾಹೋರಿನವರು ನನ್ನ ಕಡೆ ತಿರುಗಿ, "ನಿಮ್ಮ ಹೈದರಾಬಾದಿನವರು ಹಲೀಮಿಗೆ ಜಿಐ ಸರ್ಟಿಫಿಕೇಟ್ ತಗೊಂಡಿದ್ದಾರಂತೆ?" ಎಂದು ಕೇಳಿದರು. ಹೌದು, 2010ರಲ್ಲಿ. ಹೌದೆನ್ನುವಾಗ ನನ್ನ ಧ್ವನಿಯಲ್ಲೂ ಸ್ವಲ್ಪ ಜಂಬವಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಈಗ ನನ್ನ ತಕರಾರು ಕೇಳಿ. ಗೆಳೆಯರು ಕೂಡಿದಲ್ಲಿ "ನಿಮ್ಮ ದೇಶದ ಅಡುಗೆ ಯಾವುದು?" ಎಂದು ಕೇಳುವುದು ಎಷ್ಟು ಸಭ್ಯವಾಗಿ ಕಾಣುತ್ತದೆಯೋ ಅಷ್ಟೇ ಕೆಟ್ಟ ಪ್ರಶ್ನೆ ಅದು. ಆ ಪ್ರಶ್ನೆ ಕೇಳಿದ ಕೂಡಲೇ ಗೆಳೆಯನು ಗೆಳೆಯನಾಗಿ ಉಳಿಯದೆ ಒಂದು ಸರಕಾರದ ರಾಯಭಾರಿಯಾಗುತ್ತಾನೆ. ತಟ್ಟೆಯ ಮೇಲೆ ಬಾವುಟ ನೆಡುತ್ತೇವೆ. ಆಮೇಲೆ ಬಾವುಟಗಳು ಮಾಡುವುದನ್ನೇ ಮಾಡುತ್ತವೆ.

ಈ ಅಡುಗೆಯ ವಯಸ್ಸನ್ನೇ ನೋಡಿ. ಹತ್ತನೇ ಶತಮಾನದ ಬಾಗ್ದಾದಿನಲ್ಲಿ ಇಬ್ನ್ ಸಯ್ಯಾರ್ ಅಲ್-ವರ್ರಾಕ್ ಬರೆದಿಟ್ಟ ಪಾಕಶಾಸ್ತ್ರದಲ್ಲಿ ಹರೀಸ ಇದೆ. ಹನ್ನೆರಡನೇ ಶತಮಾನದ ಸಿರಿಯಾದಲ್ಲಿ ಅಲ್-ಶೈಝರಿ ಮಾರುಕಟ್ಟೆಯ ಅಧಿಕಾರಿಗಳಿಗಾಗಿ ಬರೆದ ಕೈಪಿಡಿಯಲ್ಲಿ ಹರೀಸ ಮಾರುವವರು ಮಾಡುವ ಮೋಸ ತಡೆಯುವುದು ಹೇಗೆಂದು ಒಂದು ಅಧ್ಯಾಯವೇ ಇದೆ. ಅಂದರೆ ಅದು ಆಗಲೇ ಬೀದಿಯ ಊಟ, ಕೂಲಿಯವರ ಊಟ. ಹದಿನಾರನೇ ಶತಮಾನದ ಕೊನೆಗೆ ಅಬುಲ್ ಫಜಲ್ ಐನ್-ಎ-ಅಕ್ಬರಿಯಲ್ಲಿ ಅಕ್ಬರನ ಅಡುಗೆಮನೆಯ ಲೆಕ್ಕ ಬರೆಯುವಾಗ ಹರೀಸ ಮತ್ತು ಹಲೀಮ್ ಎರಡನ್ನೂ ಬೇರೆ ಬೇರೆಯಾಗಿ ಹೆಸರಿಸುತ್ತಾನೆ. ಹರೀಸಕ್ಕೆ 10 ಸೇರು ಮಾಂಸ, 5 ಸೇರು ಗೋಧಿ, 2 ಸೇರು ತುಪ್ಪ. ಹಲೀಮಿಗೆ ಕಡಲೆ, ಗಜ್ಜರಿ, ಪಾಲಕ್ ಕೂಡ ಬೀಳುತ್ತವೆ. ಆ ಕಾಲಕ್ಕೆ ಇಂದಿನ ತುರ್ಕಿಯೂ ಇರಲಿಲ್ಲ, ಪಾಕಿಸ್ತಾನವೂ ಇರಲಿಲ್ಲ, ನಾವು ಈಗ ಪಾಸ್‌ಪೋರ್ಟಿನಲ್ಲಿ ತೋರಿಸುವ ಭಾರತವೂ ಇರಲಿಲ್ಲ. ಅಡುಗೆ ಇತ್ತು. ದೇಶಗಳು ಆಮೇಲೆ ಹುಟ್ಟಿ ಅಜ್ಜಿಯನ್ನೇ ದತ್ತು ತೆಗೆದುಕೊಳ್ಳಲು ಬಂದಿವೆ!

ಹೆಸರಿನ ಕಥೆಗಳೂ ಹೀಗೆಯೇ. ಅರಬಿಯಲ್ಲಿ 'ಹರಸ' ಎಂದರೆ ಕುಟ್ಟು, ಜಜ್ಜು. ಹರೀಸ ಎಂದರೆ ಕುಟ್ಟಿದ್ದು. ತುರ್ಕಿಯವರ ಕೆಶ್ಕೆಕ್ ಪಾರಸಿಯ 'ಕಶ್ಕ್' ಎಂಬ ಮಾತಿನಿಂದ ಬಂದದ್ದು. ಅರ್ಮೇನಿಯನ್ನರ ಐತಿಹ್ಯ ಬೇರೆ: ಅವರ ಸಂತ ಗ್ರೆಗರಿ ಬಡವರಿಗೆ ಊಟ ಹಾಕುತ್ತಿದ್ದಾಗ ಕುರಿಮಾಂಸ ಸಾಲದೆ ಹಂಡೆಗೆ ಗೋಧಿ ಸುರಿಸಿದರಂತೆ, ತಳ ಹಿಡಿಯುವುದನ್ನು ಕಂಡು "ಹಾರೆಕ್!" ಎಂದರಂತೆ. ಕಲಕಿ ಎಂದರ್ಥ. ಭಾಷಾಶಾಸ್ತ್ರಜ್ಞರು ಇದನ್ನು ಒಪ್ಪಲಿಕ್ಕಿಲ್ಲ. ಆದರೆ ಒಂದು ಜನ ತಮ್ಮ ಊಟದ ಹೆಸರನ್ನು ಬಡವರ ಪಂಕ್ತಿಯೊಂದಿಗೆ ಜೋಡಿಸಿ ನೆನಪಿಟ್ಟುಕೊಂಡಿದೆಯಲ್ಲ, ನನಗೆ ಅದು ವ್ಯುತ್ಪತ್ತಿಗಿಂತ ದೊಡ್ಡದಾಗಿ ಕಾಣುತ್ತದೆ.

ಇಂಥದ್ದನ್ನು ನಾವು ಪಟ್ಟಿಗೆ ಏರಿಸಿ ಜಗಳ ಮಾಡುತ್ತೇವೆ. 2014ರಲ್ಲಿ ಅರ್ಮೇನಿಯಾದ ಹೆಸರಿನಲ್ಲಿ ಲವಾಶ್ ರೊಟ್ಟಿ ಪಟ್ಟಿಗೆ ಸೇರಿತು. ನೆರೆಯವರಿಗೆ ಸಿಟ್ಟು ಬಂತು. 2016ರಲ್ಲಿ ಅಜರ್‌ಬೈಜಾನ್, ಇರಾನ್, ಕಜಕಸ್ತಾನ್, ಕಿರ್ಗಿಸ್ತಾನ್, ತುರ್ಕಿ ಐವರೂ ಸೇರಿ ಅದೇ ಬಗೆಯ ತೆಳು ರೊಟ್ಟಿಯನ್ನು ಮತ್ತೆ ಸೇರಿಸಿದರು. ಹಮ್ಮುಸ್‌ಗಾಗಿ ಲೆಬನಾನ್ ಮತ್ತು ಇಸ್ರೇಲ್ ಗಿನ್ನೆಸ್ ದಾಖಲೆಯ ಯುದ್ಧ ಮಾಡಿದವು. 2010ರ ಮೇ ತಿಂಗಳಲ್ಲಿ ಲೆಬನಾನಿನ ಅಡುಗೆಯವರು 10,452 ಕಿಲೋ ಹಮ್ಮುಸ್ ತಯಾರಿಸಿದರು. ಆ ಅಂಕಿ ಯಾಕೆ ಗೊತ್ತೆ? ಲೆಬನಾನಿನ ವಿಸ್ತೀರ್ಣ ಅಷ್ಟು ಚದರ ಕಿಲೋಮೀಟರು! ಕಡಲೆ ಅರೆದು ದೇಶದ ನಕ್ಷೆ ಬರೆದಂತೆ. ನಾವೇನು ಕಡಿಮೆಯೆ? ರಸಗುಲ್ಲಕ್ಕಾಗಿ ಬಂಗಾಳ, ಒಡಿಶಾ ವರ್ಷಗಟ್ಟಲೆ ಕಿತ್ತಾಡಿ 2017ರಲ್ಲಿ ಒಬ್ಬರು, 2019ರಲ್ಲಿ ಇನ್ನೊಬ್ಬರು ಜಿಐ ಪಡೆದರು. ಮೈಸೂರು ಪಾಕಿಗಾಗಿ ತಮಿಳರೊಂದಿಗೆ ನಾವೂ ಜಗಳ ಆಡಿದ್ದೇವೆ.

ಯುನೆಸ್ಕೊದ ಪಟ್ಟಿಗೆ ಸೇರಿದ ಮಾತ್ರಕ್ಕೆ ಆ ಅಡುಗೆಯ ಒಡೆತನ ಯಾರಿಗೂ ಬರುವುದಿಲ್ಲ. ಹಾಗೆಂದು ಆ ಸಂಸ್ಥೆಯೇ ಹೇಳುತ್ತದೆ. ಕೇಳುವವರು ಯಾರು? 2020ರಲ್ಲಿ ಅಲ್ಜೀರಿಯಾ, ಮೊರಾಕೊ, ಟ್ಯುನೀಷಿಯಾ, ಮಾರಿಟಾನಿಯಾ ಒಂದೇ ಅರ್ಜಿಯಲ್ಲಿ ಕುಸ್‌ಕುಸ್ ಅನ್ನು ಪಟ್ಟಿಗೆ ತಂದವು. 1994ರಿಂದ ಗಡಿ ಮುಚ್ಚಿಕೊಂಡಿದ್ದ ಅಲ್ಜೀರಿಯಾ, ಮೊರಾಕೊಗಳು ಒಂದು ತಟ್ಟೆಗೆ ಸಹಿ ಹಾಕಿದವೆಂದು ಎಲ್ಲರಿಗೂ ಸಂತೋಷವಾಯಿತು. ಮುಂದಿನ ವರ್ಷವೇ, 2021ರ ಆಗಸ್ಟಿನಲ್ಲಿ, ಅಲ್ಜೀರಿಯಾ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತು. ಪತ್ರದ ಮೇಲೆ ಹಂಚಿಕೊಂಡ ಊಟ ಹೊಟ್ಟೆಗೆ ಇಳಿಯುವುದಿಲ್ಲ.

ಹಾಗಾದರೆ ತನ್ನ ಅಡುಗೆಯನ್ನು ತನ್ನದೆನ್ನುವುದೇ ತಪ್ಪೆ ಎಂದು ಕೇಳಬಹುದು. ನಾನೂ ಕೇಳಿಕೊಂಡೆ. ಉತ್ತರ ಕೊಟ್ಟವರು ಆ ಅರ್ಮೇನಿಯನ್ ಗೆಳತಿ. ಅವರ ಊರು ಲೆಬನಾನಿನ ಬೆಕಾ ಕಣಿವೆಯ ಅಂಜರ್. ಆದರೆ ಹಿರಿಯರು ಅಲ್ಲಿಯವರಲ್ಲ. 1915ರಲ್ಲಿ, ಆಟೊಮನ್ ಸಾಮ್ರಾಜ್ಯದಲ್ಲಿ ಅರ್ಮೇನಿಯನ್ನರನ್ನು ಊರು ಬಿಡಿಸಿ ಮರುಭೂಮಿಯ ದಾರಿಯಲ್ಲಿ ಕೊಲ್ಲುತ್ತಿದ್ದ ಕಾಲಕ್ಕೆ, ಮೆಡಿಟರೇನಿಯನ್ ದಂಡೆಯ ಮೂಸಾ ದಾಗ್ ಎಂಬ ಬೆಟ್ಟದ ಹಳ್ಳಿಗಳ ಜನ ಹೊರಡಲು ಒಪ್ಪದೆ ಬೆಟ್ಟ ಹತ್ತಿ ಕೂತರು. ವಾರಗಟ್ಟಲೆ ಕಾದಾಡಿದರು. ಸೆಪ್ಟೆಂಬರಿನಲ್ಲಿ ಫ್ರೆಂಚ್ ಹಡಗುಗಳು ಬಂದು ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಈಜಿಪ್ಟಿನ ಪೋರ್ಟ್ ಸಯೀದಿಗೆ ಒಯ್ದವು. ಯುದ್ಧ ಮುಗಿದ ಮೇಲೆ ಮರಳಿ ಊರಿಗೆ ಬಂದರು. 1939ರಲ್ಲಿ ಆ ಪ್ರಾಂತ್ಯ ತುರ್ಕಿಗೆ ಸೇರಿದಾಗ ಬಹುಪಾಲು ಜನ ಮತ್ತೆ ಗಂಟು ಕಟ್ಟಿ ಅಂಜರಿಗೆ ಹೋದರು. ಅವರು ಇಂದಿಗೂ ಪ್ರತಿ ಸೆಪ್ಟೆಂಬರಿನಲ್ಲಿ ದೊಡ್ಡ ಹಂಡೆಗಳಲ್ಲಿ ರಾತ್ರಿಯಿಡೀ ಹರಿಸ್ಸಾ ಬೇಯಿಸಿ ಬೆಳಗ್ಗೆ ಬಂದವರಿಗೆಲ್ಲ ಹಂಚುತ್ತಾರೆ. ಊರು ಬಿಡದೆ ತುರ್ಕಿಯಲ್ಲೇ ಉಳಿದ ಹಳ್ಳಿ ಒಂದೇ, ವಕಿಫ್ಲಿ. ಅಲ್ಲಿಯೂ ಆಗಸ್ಟಿನಲ್ಲಿ ದ್ರಾಕ್ಷಿಗೆ ಆಶೀರ್ವಾದ ಮಾಡುವ ಹಬ್ಬಕ್ಕೆ ಇದೇ ಹಂಡೆ ಒಲೆ ಏರುತ್ತದೆ.

"ನಿಮ್ಮ ಸರಕಾರ ಹಂಡೆಯನ್ನು ಇಟ್ಟುಕೊಂಡಿತು, ನಮ್ಮನ್ನು ಕಳಿಸಿತು" ಎಂದು ಆಕೆ ತುರ್ಕಿಯ ಗೆಳೆಯರಿಗೆ ಹೇಳಿದರು. ಧ್ವನಿ ಏರಿಸಲಿಲ್ಲ. ಅವರು ಬಹಳ ಹೊತ್ತು ತಟ್ಟೆ ನೋಡುತ್ತ ಕೂತು, "ನನ್ನ ಅಜ್ಜಿ ಕೆಶ್ಕೆಕ್ ಮಾಡಿದ ದಿನ ಮೊದಲ ಬಟ್ಟಲನ್ನು ನೆರೆಮನೆಗೆ ಕಳಿಸುತ್ತಿದ್ದಳು. ನೆರೆಯವರು ಯಾರೆಂದು ನಾನು ಯಾವತ್ತೂ ಕೇಳಲಿಲ್ಲ" ಎಂದರು.

ಅಲ್ಲಿ ನನಗೆ ವ್ಯತ್ಯಾಸ ತಿಳಿಯಿತು. ಕಳೆದುಕೊಂಡವರು "ನಮ್ಮದು" ಎನ್ನುವುದಕ್ಕೂ, ಕಸಿದುಕೊಂಡವರು "ನಮ್ಮದು" ಎನ್ನುವುದಕ್ಕೂ ಬಹಳ ಅಂತರವಿದೆ. ಪ್ಯಾಲೆಸ್ತೀನಿನವನು ಹಮ್ಮುಸ್ ನನ್ನದೆಂದರೆ ಅದು ಜಂಬವಲ್ಲ, ತಾನಿನ್ನೂ ಇದ್ದೇನೆ ಎಂಬ ಹೇಳಿಕೆ. 2025ರ ಆಗಸ್ಟಿನಲ್ಲಿ ಗಾಜಾ ಗವರ್ನರೇಟಿನಲ್ಲಿ ಕ್ಷಾಮವಿದೆಯೆಂದು ವಿಶ್ವಸಂಸ್ಥೆಯ ಬೆಂಬಲವುಳ್ಳ ಐಪಿಸಿ ಸಂಸ್ಥೆ ದೃಢಪಡಿಸಿತು. ಲೋಕದ ಸೂಪರ್ ಮಾರ್ಕೆಟುಗಳಲ್ಲೆಲ್ಲ ಹಮ್ಮುಸ್ ಡಬ್ಬಿಗಳು ಸಾಲಾಗಿ ಕೂತಿದ್ದ ದಿನಗಳಲ್ಲೇ ಅಲ್ಲಿಯ ಮಕ್ಕಳು ಖಾಲಿ ಪಾತ್ರೆ ಹಿಡಿದು ಸಾಲಿನಲ್ಲಿ ನಿಂತಿದ್ದರು. ಅಡುಗೆಯನ್ನು ಇಷ್ಟಪಟ್ಟು ಅಡುಗೆಯವರನ್ನು ಹಸಿವಿಗೆ ಬಿಡುವ ಲೋಕ ಇದು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಇದು ಯಾವ ದೇಶದ ಅಡುಗೆ ಎಂಬುದಲ್ಲ. ಈ ಹಂಡೆಯ ಸುತ್ತ ಮೊದಲು ಯಾರಿದ್ದರು, ಈಗ ಯಾರಿಲ್ಲ, ಅವರನ್ನು ಎಬ್ಬಿಸಿದವರು ಯಾರು ಎಂದು ಕೇಳಬೇಕು.

ಈ ಪ್ರಶ್ನೆಯನ್ನು ಪರರಿಗೆ ಕೇಳುವುದು ಸುಲಭ. ನನ್ನ ಊರಿಗೂ ಕೇಳಬೇಕಲ್ಲ?

ನಮ್ಮದು ಆಳಂದ ತಾಲೂಕಿನ ಒಂದು ಹಳ್ಳಿ. ಕಲಬುರಗಿ ಹಿಂದೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಿಜಾಮರ ಸೈನ್ಯದಲ್ಲಿ ಯೆಮನ್ನಿನ ಹದ್ರಮೌತ್ ಕಡೆಯ ಅರಬರಿದ್ದರು. ಹೈದರಾಬಾದಿನ ಬಾರ್ಕಸ್ ಬಡಾವಣೆ ಅವರದೇ. ಬ್ಯಾರಕ್ಸ್ ಎಂಬುದೇ ಜನರ ಬಾಯಲ್ಲಿ ಬಾರ್ಕಸ್ ಆದದ್ದು. ಅಲ್ಲಿ ಇವತ್ತಿಗೂ ಹರೀಸ್ ಸಿಗುತ್ತದೆ, ಉಪ್ಪಿನದೂ ಸಿಹಿಯದೂ. ಸಿಹಿ ಹರೀಸ್ ಮೊದಲ ಸಲ ಬಾಯಿಗಿಟ್ಟಾಗ ನನಗೆ ನೆನಪಾದದ್ದು ನಮ್ಮೂರಿನ ಗೋಧಿ ಹುಗ್ಗಿ. ಅದೇ ಗೋಧಿ, ಅದೇ ಕುಟ್ಟುವಿಕೆ, ಅದೇ ತುಪ್ಪ. ಮಾಂಸವಿಲ್ಲ, ಬೆಲ್ಲವಿದೆ. ಯಾರಿಂದ ಯಾರು ಕಲಿತರೆಂದು ವಾದ ಹೂಡುವುದಿಲ್ಲ. ಗೋಧಿ ಬೆಳೆಯುವ, ಒಳ್ಳು ಒನಕೆ ಇರುವ ಊರಿನಲ್ಲಿ ಹೆಂಗಸರ ಕೈ ತಾನಾಗಿಯೇ ಈ ದಾರಿ ಹಿಡಿಯುತ್ತದೆ.

ನಮ್ಮ ಮನೆಯಲ್ಲಿ ಒಳ್ಳು ಇರಲಿಲ್ಲ. ಮೊಹರಮಿಗೆ ಖಿಚಡಾ ಮಾಡಲು ಗೋಧಿ ಕುಟ್ಟಬೇಕಾದಾಗ ಅಮ್ಮಿ ಹೋಗುತ್ತಿದ್ದದ್ದು ಪಕ್ಕದ ಗೌಡರ ಮನೆಗೆ. ಅವರು ಲಿಂಗಾಯತರು, ಮಾಂಸ ಮುಟ್ಟದ ಮನೆ. ಆ ಮನೆಯ ದೊಡ್ಡವ್ವನಿಗೆ ಆ ಗೋಧಿ ಯಾವ ಹಂಡೆಗೆ ಹೋಗುತ್ತದೆಂದು ಚೆನ್ನಾಗಿ ಗೊತ್ತಿತ್ತು. "ನಿಮ್ಮ ಮೊಹರಮಿಗೂ ಇದೇ ಒಳ್ಳು, ನಮ್ಮ ಹುಗ್ಗಿಗೂ ಇದೇ ಒಳ್ಳು. ತೊಳ್ದು ಕುಟ್ಟವ್ವಾ, ತೊಳ್ದು ಇಟ್ಟು ಹೋಗು" ಎನ್ನುತ್ತಿದ್ದರು. ಅಷ್ಟೇ ಷರತ್ತು. ಅಮ್ಮಿ ಅವರಿಗೆ ಖಿಚಡಾ ಕಳಿಸುತ್ತಿರಲಿಲ್ಲ, ಚೋಂಗೆ ಕಳಿಸುತ್ತಿದ್ದಳು. ಬೆಲ್ಲ ಹಾಕಿದ ಚೋಂಗೆಯಲ್ಲಿ ಮಾಂಸದ ಮಾತೇ ಇಲ್ಲ. ಅವರ ಹಬ್ಬಕ್ಕೆ ಹುಗ್ಗಿ ನಮ್ಮ ಮನೆಗೆ ಬರುತ್ತಿತ್ತು. ಒಬ್ಬರ ನೇಮವನ್ನು ಇನ್ನೊಬ್ಬರು ಮುರಿಯಲಿಲ್ಲ, ನೇಮದ ನೆಪ ಹೇಳಿ ಬಾಗಿಲನ್ನೂ ಹಾಕಲಿಲ್ಲ. ಬಾಬರಿ ಮಸೀದಿ ಬಿದ್ದ ಮೇಲಿನ ಮೊಹರಂ 1993ರಲ್ಲಿ ಬಂತು. ಆ ಸಲ ಒಳ್ಳು ಕೇಳಲು ಹೋಗುವುದೋ ಬೇಡವೋ ಎಂದು ಅಮ್ಮಿ ಅಂಗಳದಲ್ಲಿ ನಿಂತಿದ್ದಳು. ದೊಡ್ಡವ್ವನೇ ಗೋಡೆಯಾಚೆಯಿಂದ ಕೂಗಿದರು: "ಯಾಕ, ಈ ವರ್ಷ ನಿಮ್ಮ ದೇವರಿಗೆ ಹಸಿವಿಲ್ಲೇನು?"

ಶಾರ್ಜಾದಲ್ಲಿ ನಾನು ಈ ಕಥೆ ಹೇಳಿದಾಗ ಎಲ್ಲರಿಗೂ ಮನಸ್ಸು ತುಂಬಿ ಬಂತು. ಬೆಂಗಳೂರಿನ ಗೆಳೆಯರಂತೂ ಅರ್ಮೇನಿಯನ್ ಹರಿಸ್ಸಾವನ್ನು ಎರಡನೇ ಸಲ ಹಾಕಿಸಿಕೊಂಡು, "ಮನೇಲಿ ತಿನ್ನಲ್ಲ ಸರ್, ಹೊರಗಡೆ ಎಲ್ಲಾ ತಿಂತೀನಿ. ಇಂಥ ಊಟ ಮಾತ್ರ ಜನ್ಮದಲ್ಲೇ ಮಾಡಿಲ್ಲ" ಎಂದು ಫೋಟೋ ತೆಗೆದುಕೊಂಡರು. ಆಗ ನನ್ನ ಬಾಯಿಂದ ಅಕ್ಕನ ಮಗನ ವಿಷಯ ಬಂದುಬಿಟ್ಟಿತು. ಅವನು ಬೆಂಗಳೂರಿನಲ್ಲಿ ಎಂಜಿನಿಯರು. ನಾಲ್ಕು ತಿಂಗಳು ಬಾಡಿಗೆ ಮನೆ ಹುಡುಕಿದ. ಫೋನಿನಲ್ಲಿ ಎಲ್ಲ ಕುದುರುತ್ತಿತ್ತು. ಹೆಸರು ಹೇಳಿದ ಮೇಲೆ, "ನಮ್ಮದು ಪ್ಯೂರ್ ವೆಜಿಟೇರಿಯನ್ ಬಿಲ್ಡಿಂಗು" ಎಂಬ ಉತ್ತರ ಬರುತ್ತಿತ್ತು. ಅವನು ಏನು ತಿನ್ನುತ್ತಾನೆಂದು ಒಬ್ಬರೂ ಕೇಳಲಿಲ್ಲ.

ಊಟವಾದ ಮೇಲೆ ಆ ಗೆಳೆಯರು ಬಾಲ್ಕನಿಗೆ ಬಂದು ಮೆಲ್ಲಗೆ ಹೇಳಿದರು: "ಸರ್, ಬೆಂಗಳೂರಲ್ಲಿ ನನ್ನದೂ ಒಂದು ಫ್ಲ್ಯಾಟಿದೆ. ಬಾಡಿಗೆಗೆ ಕೊಟ್ಟಿದೀನಿ. ಅದಕ್ಕೂ ಅದೇ ಷರತ್ತು. ಅಮ್ಮ ಹಾಕಿಸಿದ್ದು." ಸುಳ್ಳು ಹೇಳದ ಮನುಷ್ಯ. ಆ ಒಂದು ಮಾತಿಗೆ ನಾನು ಅವರನ್ನು ಗೌರವಿಸುತ್ತೇನೆ. ಆದರೆ ಕೇಳದೆ ಇರಲಾರೆ: ಸಾವಿರಾರು ಮೈಲಿ ದೂರದಲ್ಲಿ ಅಪರಿಚಿತರ ಹಂಡೆಯಿಂದ ಉಂಡು ಹೊಗಳುವವರಿಗೆ, ತಮ್ಮ ಊರಿನಲ್ಲಿ ಪಕ್ಕದ ಮನೆಯ ಒಗ್ಗರಣೆ ವಾಸನೆ ಯಾಕೆ ತಡೆಯುವುದಿಲ್ಲ? ಪರದೇಶದ ಮಾಂಸ ಸಂಸ್ಕೃತಿ, ನೆರೆಯವನ ಮಾಂಸ ಮೈಲಿಗೆಯೆ?

ಇದು ಒಬ್ಬರ ಮಾತಲ್ಲ. 2021ರ ಡಿಸೆಂಬರಿನಲ್ಲಿ ನಮ್ಮ ಕಲಬುರಗಿ, ಬೀದರ, ಯಾದಗಿರಿ, ರಾಯಚೂರು ಸೇರಿ ಏಳು ಜಿಲ್ಲೆಗಳ ಶಾಲಾ ಮಕ್ಕಳಿಗೆ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಸರಕಾರ ಹೊರಟಾಗ ಕೆಲವು ಮಠಾಧೀಶರು ಬೀದಿಗಿಳಿದರು. ಬೇಡವೆಂದ ಮಗುವಿಗೆ ಬಾಳೆಹಣ್ಣು ಇತ್ತು. ತಮಗೆ ಬೇಡವಾದದ್ದು ಪಕ್ಕದ ಮಗುವಿಗೂ ಸಿಗಬಾರದು ಎಂಬುದು ಯಾವ ನೇಮ? 2024ರ ಡಿಸೆಂಬರಿನ ಮಂಡ್ಯ ಸಾಹಿತ್ಯ ಸಮ್ಮೇಳನದಲ್ಲಿ, ಮದ್ಯ, ತಂಬಾಕಿನ ಸಾಲಿನಲ್ಲೇ ಮಾಂಸಾಹಾರವನ್ನೂ ನಿಷೇಧದ ಪಟ್ಟಿಗೆ ಸೇರಿಸಿದ್ದು ವಿವಾದವಾಯಿತು. ಬಾಡೂಟದ ನಾಡಿನಲ್ಲಿ ಬಾಡೂಟ ಕೇಳಲು ಚಳವಳಿ ಮಾಡಬೇಕಾಯಿತು. ದೊಡ್ಡವ್ವ ಮಾಂಸ ತಿನ್ನುತ್ತಿರಲಿಲ್ಲ. ಆದರೆ ಒಳ್ಳು ಕೊಡುತ್ತಿದ್ದರು. ಮಾಂಸ ತಿನ್ನದಿರುವುದಕ್ಕೂ ಒಳ್ಳು ಕೊಡದಿರುವುದಕ್ಕೂ ಇರುವ ಅಂತರ ಕಲಿಸಲು ನಮಗೆ ಇನ್ನೆಷ್ಟು ವಿಶ್ವವಿದ್ಯಾಲಯ ಬೇಕು?

ಆ ಬಾಲ್ಕನಿಯಲ್ಲಿ ಮಾತು ಅಲ್ಲಿಗೇ ನಿಂತಿದ್ದರೆ ನಾನು ಗೆದ್ದು ಬರುತ್ತಿದ್ದೆ. ಗೆಳೆಯರು ಸುಮ್ಮನಿರಲಿಲ್ಲ. "ಬೇಜಾರು ಮಾಡ್ಕೋಬೇಡಿ ಸರ್. ನಿಮ್ಮ ಮನೆಯಿಂದ ಆ ಚೋಂಗೆ ಈಗಲೂ ಗೌಡರ ಮನೆಗೆ ಹೋಗುತ್ತಾ?"

ಹೋಗುವುದಿಲ್ಲ. ಎಷ್ಟೋ ವರ್ಷವಾಯಿತು. ಅಮ್ಮಿ ತೀರಿಕೊಂಡಳು. ಮೊಹರಂ ಅಡುಗೆ ಬಿದ್‌ಅತ್ ಎಂದು ನಮ್ಮವರೇ ನಿಲ್ಲಿಸಿದರು. ಅದು ಸರಿಯೋ ತಪ್ಪೋ ವಿದ್ವಾಂಸರು ನಿರ್ಣಯಿಸಲಿ, ಆ ಚರ್ಚೆಗೆ ನಾನು ಇಳಿಯುವುದಿಲ್ಲ. ನನ್ನ ಪ್ರಶ್ನೆ ಬೇರೆ. ಹಂಡೆ ಇಳಿಸಿದ ನಾವು, ಅದರೊಂದಿಗೆ ನೆರೆಮನೆಗೆ ಹೋಗುತ್ತಿದ್ದ ತಟ್ಟೆಯನ್ನೂ ಯಾಕೆ ಇಳಿಸಿದೆವು? ಸಾರು ಮಾಡುವಾಗ ನೀರು ಹೆಚ್ಚು ಹಾಕಿ ನೆರೆಯವರನ್ನು ನೆನೆಯಬೇಕೆಂದು ಪ್ರವಾದಿಯವರು (ಸ) ಅಬೂದರ್ ಅವರಿಗೆ ಹೇಳಿದ್ದನ್ನು ಯಾರೂ ಬಿದ್‌ಅತ್ ಎನ್ನಲಾರರು. 'ಹಲೀಮ್' ಅಲ್ಲಾಹನ ನಾಮಗಳಲ್ಲೊಂದು, ಆದ್ದರಿಂದ ತಿನಿಸನ್ನು 'ದಲೀಮ್' ಎನ್ನಬೇಕೆಂದು ನಮ್ಮಲ್ಲಿ ಕೆಲವರು ಬಿಸಿಬಿಸಿ ವಾದ ಮಾಡುತ್ತಾರೆ. ಹೆಸರಿನ ಬಗ್ಗೆ ಇಷ್ಟು ಎಚ್ಚರ, ಬಟ್ಟಲು ಯಾರ ಮನೆಗೆ ಹೋಗುತ್ತಿಲ್ಲ ಎಂಬ ಬಗ್ಗೆ ಮರೆವು! ರಮಜಾನಿನಲ್ಲಿ ನಾವು ಹಲೀಮಿಗೆ ಅಂಗಡಿಯ ಮುಂದೆ ಸಾಲು ನಿಲ್ಲುತ್ತೇವೆ, ಪಾರ್ಸೆಲ್ ಕಟ್ಟಿಸಿಕೊಂಡು ಬಂದು ಬಾಗಿಲು ಹಾಕಿ ಉಣ್ಣುತ್ತೇವೆ. ಊರಿಗೆ ಹಂಚಲೆಂದು ಹಂಡೆಗಟ್ಟಲೆ ಬೇಯುತ್ತಿದ್ದ ಅಡುಗೆ ಹೀಗೆ ಡಬ್ಬಿಗೆ ಇಳಿಯಿತು. ಓಣಿಯ ಬಾಗಿಲು ಎರಡೂ ಕಡೆಯಿಂದ ಮುಚ್ಚಿದೆ. ಒಂದು ಚಿಲಕ ನಮ್ಮ ಕೈಯಲ್ಲೇ ಇದೆ.

ಇನ್ನೊಂದು ಮಾತು. ಆ ಸಂಜೆ ಗಂಡಸರು ನಾವು ಹಕ್ಕಿನ ವಾದದಲ್ಲಿ ಮುಳುಗಿದ್ದಾಗ ಒಮಾನಿ ಗೆಳೆಯರ ಹೆಂಡತಿ ಅಡುಗೆಮನೆಯಿಂದ ನಾಲ್ಕು ಸಲ ಬಂದು ಪಾತ್ರೆ ತುಂಬಿಸಿ ಹೋದರು. ನನ್ನ ಹಲೀಮನ್ನು ಮಾಡಿದವಳು ತಮ್ಮನ ಹೆಂಡತಿ. ಲಾಹೋರಿನವರದು ಅಂಗಡಿಯದು. ತುರ್ಕಿಯವರದು ಅವರ ಹೆಂಡತಿ ಮಾಡಿದ್ದು. ತಾನೇ ಕಲಕಿ ತಂದವರು ಆ ಅರ್ಮೇನಿಯನ್ ಗೆಳತಿ ಒಬ್ಬರೇ. "ನಿಮ್ಮಲ್ಲಿ ಯಾರು ಕಲಕಿದಿರಿ?" ಎಂದು ಆಕೆ ಕೇಳಿದಾಗ ದಸ್ತರ್‌ಖಾನಿನ ಮೇಲೆ ಮೌನ ಹರಡಿತು. ಅಡುಗೆ ದೇಶದ್ದೆನ್ನುವವರ ಕೈಗೆ ಸೌಟಿನ ಗುರುತೇ ಇಲ್ಲ!

2025ರ ಮೊಹರಮಿಗೆ ನಾನು ಊರಿಗೆ ಹೋದೆ. ಗೌಡರ ಮನೆಯ ಒಳ್ಳು ಹಿತ್ತಲಲ್ಲಿತ್ತು. ದೊಡ್ಡವ್ವನ ಮೊಮ್ಮಗನ ಹೆಂಡತಿ, "ಮಿಕ್ಸಿ ಬಂದ ಮ್ಯಾಲೆ ಇದನ್ನ ಯಾರೂ ಕೇಳೇ ಇಲ್ರೀ ಕಾಕಾ" ಎಂದು ನಕ್ಕಳು. ತೊಳೆದು ಕೊಟ್ಟಳು. ಅರ್ಧ ಸೇರು ಗೋಧಿ ಕುಟ್ಟುವಷ್ಟರಲ್ಲಿ ನನ್ನ ಅಂಗೈಯಲ್ಲಿ ಗುಳ್ಳೆ ಎದ್ದವು. ಅಮ್ಮಿ ಹತ್ತು ಸೇರು ಕುಟ್ಟುತ್ತಿದ್ದಳು. ಒಳ್ಳು ತೊಳೆದಿಟ್ಟು, ಸಂಜೆ ಒಂದು ಸ್ಟೀಲ್ ಡಬ್ಬಿಯಲ್ಲಿ ಚೋಂಗೆ ಕಳಿಸಿದೆವು. ಡಬ್ಬಿ ಬರಿದಾಗಿ ಮರಳಲಿಲ್ಲ, ಒಂದು ಹಿಡಿ ಸಕ್ಕರೆ ಇತ್ತು. ಇದರಿಂದ ದೇಶ ಉದ್ಧಾರವಾಯಿತೆಂದು ನಾನು ಹೇಳುತ್ತಿಲ್ಲ. ಆದರೆ ಯಾವ ಸರ್ಟಿಫಿಕೇಟೂ ನನಗೆ ಕೊಡದ ಹಕ್ಕನ್ನು ಆ ಸಕ್ಕರೆ ಕೊಟ್ಟಿತು.

ಶಾರ್ಜಾದ ಗೆಳೆಯರು ಮತ್ತೆ ಸೇರಬೇಕೆಂದಿದ್ದಾರೆ. ಈ ಸಲ ಷರತ್ತು ಬದಲಿಸೋಣ ಎಂದು ನಾನು ಬರೆದಿದ್ದೇನೆ. ನಿಮ್ಮ ದೇಶದ ಅಡುಗೆ ತರಬೇಡಿ. ನೀವು ನಿಮ್ಮ ಕೈಯಾರೆ ಮಾಡಿ, ನೆರೆಮನೆಗೆ ಕಳಿಸಿ, ಉಳಿದದ್ದನ್ನು ತನ್ನಿ. ಅರ್ಮೇನಿಯನ್ ಗೆಳತಿ ಒಪ್ಪಿದ್ದಾರೆ. ತುರ್ಕಿಯವರು ಅಜ್ಜಿಯ ಊರಿನಲ್ಲಿ ಆ ನೆರೆಮನೆ ಯಾರದಿತ್ತೆಂದು ವಿಚಾರಿಸುತ್ತಿದ್ದಾರಂತೆ. ಬೆಂಗಳೂರಿನ ಗೆಳೆಯರು ಫ್ಲ್ಯಾಟಿನ ಷರತ್ತು ತೆಗೆಯುವ ಬಗ್ಗೆ ಅಮ್ಮನೊಂದಿಗೆ ಮಾತಾಡಿದ್ದಾಗಿ ಬರೆದಿದ್ದಾರೆ. ಷರತ್ತು ಇನ್ನೂ ಹೋಗಿಲ್ಲ. ಅಕ್ಕನ ಮಗ ಈಗ ಮತ್ತೆ ಮನೆ ಹುಡುಕುತ್ತಿದ್ದಾನೆ.